ಎಂಟು ಸಾಕು ಅಂದಿದ್ದೆ ನೀನು

ಬ್ರಾಲಿ, ಕ್ಯಾಲಿಫೋರ್ನಿಯಾ
ಅಕ್ಟೋಬರ್ ೧೯, ೨೦೧೯, ಶನಿವಾರ ಬೆಳಿಗ್ಗೆ

ಪ್ರೀತಿಯ ಎಸ್ತೆಲಾ,

ಹೇಗಿದ್ದೀ ಮಗಳೇ? ಟಕೋಮಾದಲ್ಲಿ ಈಗ ಮಳೆ ಹಿಡಿದಿರಬೇಕು. ನಿನ್ನ ಕೆಮ್ಮು ವಾಸಿಯಾಯಿತೇ? ಜೂನ್‌ನಲ್ಲಿ ನೀನು ಅಮ್ಮನಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಮಾತಿಗಿಂತ ಕೆಮ್ಮೇ ಜಾಸ್ತಿ ಕೇಳಿಸಿತು. ನನಗೂ ಕೊಡು ಅಂತ ಕೈ ಚಾಚುವಷ್ಟರಲ್ಲಿ ನೀನು ಇಟ್ಟುಬಿಟ್ಟಿದ್ದೆ. ಬೇಜಾರು ಮಾಡಿಕೊಂಡಿಲ್ಲ. ಬಿಸಿನೀರು ಕುಡಿ, ಒದ್ದೆ ತಲೆಯಲ್ಲಿ ಕೆಲಸಕ್ಕೆ ಓಡಬೇಡ. ಚಿಕ್ಕವಳಿದ್ದಾಗಲೂ ಅದೇ ಚಾಳಿ ನಿನಗೆ.

ಇಲ್ಲಿ ನಾವು ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಇದ್ದಹಾಗೇ ಇದೆ, ಬಾಯಿ ಮಾತ್ರ ಇನ್ನೂ ಜೋರಾಗಿದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇನ್ನೂ ಐದು ವಾರದ ಮೇಲೆ ಇರುವಾಗಲೇ ತಮಾಲೆ ಕಡುಬು ಸುತ್ತಲು ಮುಸುಕಿನ ಜೋಳದ ಸಿಪ್ಪೆ ತಂದಿಟ್ಟಿದ್ದಾಳೆ. ಇಷ್ಟೊಂದು ಯಾರಿಗೆ ಅಂದರೆ, "ನಿಂಗ್ಯಾಕೆ ಅದು? ನೀನು ನಿನ್ ಟೈರ್ ನೋಡ್ಕೋ" ಅಂತಾಳೆ. ಯಾರಿಗೆ ಅಂತ ನನಗೂ ಗೊತ್ತು. ಕೇಳಬಾರದಿತ್ತು.

ಸೆಕೆ ಇಳಿದಿದೆ. ಟ್ರೇಲರ್‌ಗಳು ಮರಳಲ್ಲಿ ಓಡಿಸುವ ಗಾಡಿಗಳನ್ನು ಹೇರಿಕೊಂಡು ಸಾಲಾಗಿ ಮರಳುದಿಬ್ಬಗಳ ಕಡೆ ಹೋಗುತ್ತಿವೆ, ಟೈರ್ ಅಂಗಡಿಯಲ್ಲಿ ಕೂರಲು ಪುರುಸೊತ್ತಿಲ್ಲ. ಹಳೆಯ ಗಿರಾಕಿಗಳು ಬಂದ ತಕ್ಷಣ ಸುತ್ತ ನೋಡುತ್ತಾರೆ, ನಿನ್ನನ್ನು ಹುಡುಕುತ್ತಾರೆ. ಆಗೆಲ್ಲ ನಾನು ಎಂಜಿನ್ ಎಷ್ಟು ದೊಡ್ಡದು, ಓಡಿಸುವವರ ತೂಕ ಎಷ್ಟು ಅಂತ ಹತ್ತು ಪ್ರಶ್ನೆ ಕೇಳಿ, ಹಿಂದಿನ ಟೈರಿನ ಮೇಲೆ ಎಷ್ಟು ಪ್ಯಾಡಲ್ ಪಟ್ಟಿ ಇರಬೇಕು ಅಂತ ತಲೆ ಕೆರೆದುಕೊಳ್ಳುತ್ತಿದ್ದೆ. ನೀನು ದಿಬ್ಬದ ಬುಡದಲ್ಲಿ ಸುಮ್ಮನೆ ಮರಳಿಗೆ ಮೊಣಕೈವರೆಗೆ ಕೈ ತೂರಿಸಿ, "ಒಳಗೆ ತಂಪಿದೆ ಅಪ್ಪಾ, ಗಟ್ಟಿಯಾಗಿದೆ, ಆರು ಸಾಕು" ಅನ್ನುತ್ತಿದ್ದೆ. ಆಗಿನ್ನೂ ಹದಿಮೂರು ವರ್ಷದವಳು. ಒಂದು ಸಲವೂ ತಪ್ಪಿಲ್ಲ. ದೋಣಿಯ ಹುಟ್ಟು ನೀರನ್ನು ತಳ್ಳುವ ಹಾಗೆ ಈ ರಬ್ಬರ್ ಪಟ್ಟಿಗಳು ಮರಳನ್ನು ತಳ್ಳಬೇಕು, ತೀರಾ ಕಚ್ಚಿಕೊಳ್ಳಬಾರದು ಅಂತ ನಿನ್ನ ಅಣ್ಣನಿಗೆ ಪಾಠ ಹೇಳುತ್ತಿದ್ದವಳೂ ನೀನೇ. ಎಫ್ರೆನ್ ನಿನ್ನ ಜಡೆ ಎಳೆದು ಓಡಿಹೋಗುತ್ತಿದ್ದ.

ಅವನ ಹೆಸರು ಬರೆದೆ, ಈಗ ಮುಂದಕ್ಕೂ ಬರೆಯುತ್ತೇನೆ. ಹತ್ತಿರ ಹತ್ತಿರ ನಾಲ್ಕು ವರ್ಷದಿಂದ ನೀನು ಈ ಊರಿಗೆ ಕಾಲಿಟ್ಟಿಲ್ಲ. ಆ ಥ್ಯಾಂಕ್ಸ್‌ಗಿವಿಂಗ್‌ನ ಹಿಂದಿನ ಸಂಜೆ ದಿಬ್ಬಗಳ ಬಳಿಯ ನಮ್ಮ ಕ್ಯಾಂಪಿನಲ್ಲಿ ನಿನ್ನ ಗಾಡಿಯ ಬಾವುಟದ ಉದ್ದ ಕೋಲು ಮುರಿಯಿತು. ನೀನು ಬೆಳಿಗ್ಗೆ ಎದ್ದು ಅವನ ಕೋಲು ಬಿಚ್ಚಿ ನಿನ್ನದಕ್ಕೆ ಕಟ್ಟಿಕೊಂಡೆ. ದೊಡ್ಡ ದಿಬ್ಬದ ಪಂದ್ಯಕ್ಕೆ ಮುಂಚೆ ಒಂದು ಸುತ್ತು ಹತ್ತಿ ನೋಡುತ್ತೇನೆ ಅಂತ ಅವನು ಬಾವುಟವಿಲ್ಲದೆ ಒಬ್ಬನೇ ಹಿಂದಿನ ದಿಬ್ಬಗಳ ಕಡೆ ಹೋದ. ಎರಡು ದಿಬ್ಬಗಳ ನಡುವಿನ ಕುಳಿಯಲ್ಲಿ ಗಾಡಿಯ ಅಡಿಯಲ್ಲಿ ಬಿದ್ದಿದ್ದವನನ್ನು ಹುಡುಕಲು ನಮಗೆ ಒಂದು ಗಂಟೆಯ ಮೇಲೆ ಹಿಡಿಯಿತು. ಬಾವುಟ ಇದ್ದಿದ್ದರೆ ದೂರದಿಂದಲೇ ಕಾಣುತ್ತಿತ್ತು ಅಂತ ಕ್ಯಾಂಪಿನವರೆಲ್ಲ ಮಾತಾಡಿಕೊಂಡರು. ಅವನನ್ನು ಮಣ್ಣು ಮಾಡಿ ಬಂದ ದಿನ ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಕೋಲು ನಾನ್ ತಗೊಂಡಿದ್ದು ಅಪ್ಪಾ. ನಾನ್ ತಗೊಳ್ದೆ ಇದ್ದಿದ್ರೆ ಬೇಗ ಸಿಗ್ತಿದ್ದ" ಅಂದೆ. ನಾನು ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೊರಟುಬಿಟ್ಟೆ. ನಿನ್ನ ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. ಜನವರಿಯಲ್ಲಿ ನೀನು ಹೊರಟುಹೋದೆ.

ಗುರುವಾರ ಓಡೆಲ್ ಪ್ರೂಯಿಟ್ ಬಂದಿದ್ದ. ಪ್ರತಿ ವರ್ಷ ನಮ್ಮ ಪಕ್ಕದಲ್ಲೇ ಕ್ಯಾಂಪ್ ಹಾಕಿ, ಟರ್ಕಿ ಕೋಳಿಯನ್ನು ಎಣ್ಣೆಗೆ ಇಳಿಸುವಾಗ ಹುಬ್ಬು ಸುಟ್ಟುಕೊಳ್ಳುತ್ತಾನಲ್ಲ, ಅವನೇ. ಈ ಸಲ ಹೆಂಡತಿ ವಿಲ್ಮಾಳಿಗೂ ಮರಳಲ್ಲಿ ಓಡಿಸಲು ಒಂದು ನಾಲ್ಕು ಚಕ್ರದ ಎಟಿವಿ ಕೊಡಿಸಿದ್ದಾನೆ. ಗಾಡಿ ಭಾರೀ ಶಕ್ತಿಯದ್ದು, ಅವಳು ಹತ್ತಿ ಕೂತರೆ ಗುಬ್ಬಚ್ಚಿ ಕೂತ ಹಾಗೆ. "ಹತ್ತು ಹಾಕಪ್ಪ ಸಿಪ್ರಿಯಾನೋ. ದಿಬ್ಬದ ಮೇಲೆ ಎಲ್ಲರಿಗಿಂತ ಮುಂದೆ ನನ್ ಹೆಂಡ್ತಿ ಇರ್ಬೇಕು" ಅಂದ. ವಿಲ್ಮಾ, "ನಂಗೆ ಮೇಲೆ ಹೋಗಿ ಒಂದ್ ಕಾಫಿ ಕುಡಿದು ವಾಪಸ್ ಬಂದ್ರೆ ಸಾಕು. ಮುಂದೆ ಹೋಗೋ ಹುಚ್ಚು ಈ ಮನುಷ್ಯನ್ದು" ಅಂದಳು. ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ. ಅವಳನ್ನು ಕೂರಿಸಿ ಮುಂದಿನ ಕಂಬಿ ಹಿಡಿದು ಎತ್ತಿದೆ. ಒಂದೇ ಕೈಗೆ ಗಾಡಿಯ ಮೂತಿ ಮೇಲೆ ಬಂತು. ಇಂಥ ಗಾಡಿಗೆ ಹತ್ತು ಹಾಕಿದರೆ ಏರಿನಲ್ಲಿ ಹಿಂದಿನ ಚಕ್ರ ಕಚ್ಚಿ ಹಿಡಿಯುತ್ತದೆ, ಮುಂದಿನದು ನೆಲ ಬಿಟ್ಟು ಹಿಂದಕ್ಕೆ ಮಗುಚುತ್ತದೆ. ಎಂಟೇ ಹಾಕೋದು ಅಂದೆ. "ಹತ್ತು ಇಲ್ಲ ಅನ್ಬೇಡ, ಹಿಂದ್ಗಡೆ ಗೋಡೆಗೆ ಒಂದ್ ಜೊತೆ ನೇತಾಕಿದೀಯಲ್ಲ" ಅಂದ ಓಡೆಲ್. ಅದು ಮಾರಾಟಕ್ಕಲ್ಲ ಅಂತ ಕೂಗಾಡಿಬಿಟ್ಟೆ. ನಾನು ಗಿರಾಕಿಯ ಮೇಲೆ ದನಿ ಎತ್ತಿದ್ದು ನೀನು ಕಂಡಿದ್ದೀಯಾ? ಅವನು ಪಾಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಆಮೇಲೆ ಎಂಟರದ್ದನ್ನೇ ಹಾಕಿಸಿಕೊಂಡು ಹೋದ. ಎಂದಿನ ಹಾಗೆ ಟೈರಿನ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ಎಂಟು ಅಂತ ಬರೆಯಲು ಹೋದವನು, ಬರೆಯದೆ ಪಟ್ಟಿಗಳನ್ನೇ ಮತ್ತೆ ಮತ್ತೆ ಎಣಿಸುತ್ತ ಕೂತೆ. ವಿಲ್ಮಾ ನನ್ನ ಕೈಯಿಂದ ತೆಗೆದುಕೊಂಡು ತಾನೇ ಬರೆದಳು.

ಸರಿ, ನಿನ್ನ ಸಮಯ ತಿನ್ನುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಮನೆಯೊಡತಿ ಹೀಟರ್ ರಿಪೇರಿ ಮಾಡಿಸದಿದ್ದರೆ ಜಗಳ ಮಾಡು, ಆ ಕಲೆ ಅಮ್ಮನಿಂದ ಬಂದಿದೆ. ಗ್ವಾದಲೂಪೆ ಮಾತೆ ನಿನ್ನನ್ನು ಕಾಯಲಿ. ನೀನು ಎಲ್ಲಿದ್ದರೂ ನನ್ನ ಆಶೀರ್ವಾದ ನಿನ್ನ ಮೇಲಿದೆ, ಬೇಕೋ ಬೇಡವೋ.

ನಿನ್ನ ಅಪ್ಪ,
ಸಿಪ್ರಿಯಾನೋ

ಮ.ವಿ.: ಇದನ್ನು ಬರೆಯಲೆಂದೇ ಕೂತದ್ದು. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು. ಈಗ ಹಾಕದಿದ್ದರೆ ಹಿಂದೆ ಬರೆದ ಕಾಗದಗಳ ಹಾಗೆ ಇದನ್ನೂ ಹರಿದುಬಿಡುತ್ತೇನೆ. ಗೋಡೆಗೆ ನೇತುಹಾಕಿರುವ ಆ ಹತ್ತು ಪ್ಯಾಡಲ್‌ನ ಜೊತೆ ಎಫ್ರೆನ್‌ನದು. ಆ ಬೆಳಿಗ್ಗೆ ನೀನು ಮರಳಿಗೆ ಕೈ ಹಾಕಿ ಅವನಿಗೆ ಎಂಟು ಸಾಕು ಅಂದೆ. ನಾನು ಹೂಂ ಅಂದೆ. ನೀನು ಅಮ್ಮನ ಜೊತೆ ಸೌದೆ ತರಲು ಹೋದಾಗ ನಾನು ಅವನ ಗಾಡಿಗೆ ಹತ್ತರದ್ದನ್ನು ಹಾಕಿದೆ. ಅವನೇನೂ ಹತ್ತು ಬೇಕು ಅಂತ ಕೇಳಿರಲಿಲ್ಲ. ಇಡೀ ಕ್ಯಾಂಪು ನೋಡುವಾಗ ನನ್ನ ಅಂಗಡಿಯ ಟೈರು ಮೊದಲು ಮೇಲೆ ಹೋಗಬೇಕು ಅಂತ ನನಗಿತ್ತು. ನಿನ್ನ ಬಾಯಿಗೆ ಹೆದರಿ ಸೀಮೆಸುಣ್ಣದಲ್ಲಿ ಎಂಟು ಅಂತ ಬರೆದೆ. ನೀನು ನನ್ನ ಅಕ್ಷರ ನಂಬಿದೆ, ಎಣಿಸಲಿಲ್ಲ. ಅವನೂ ಎಣಿಸಲಿಲ್ಲ. ಗಾಡಿ ಹಿಂದಕ್ಕೆ ಮಗುಚಿದ್ದು ಅದಕ್ಕೇ. ಬಿದ್ದ ಕ್ಷಣದಲ್ಲೇ ಕತ್ತು ಮುರಿದು ಹೋಗಿತ್ತು, ಐದು ನಿಮಿಷದಲ್ಲಿ ಸಿಕ್ಕಿದ್ದರೂ ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ನನ್ನೊಬ್ಬನಿಗೆ ಅವತ್ತೇ ಹೇಳಿದ್ದರು. ಅದನ್ನು ನಿನಗೆ ಹೇಳಿದ್ದರೆ, ಹಾಗಾದರೆ ಅವನು ಬಿದ್ದದ್ದು ಯಾಕೆ ಅಂತ ನೀನು ಕೇಳುತ್ತಿದ್ದೆ. ನೀನು ಕೇಳಬಾರದು ಅಂತ ಬಾವುಟದ ಮಾತು ನಡೆಯಲಿ ಅಂತ ಬಿಟ್ಟೆ. ಅಮ್ಮನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಸಿಪ್ಪೆ ತೊಳೆಯುತ್ತಿದ್ದವಳು, "ಮೊದ್ಲು ಅವಳಿಗೆ ಬರಿ" ಅಂದಳು, ಆಮೇಲೆ ನನ್ನ ಮುಖ ನೋಡಿಲ್ಲ. ನೀನು ಬಾ ಮಗಳೇ, ಅಮ್ಮನಿಗಾಗಿ ಬಾ. ನಾನು ಕಣ್ಣಿಗೆ ಬೀಳಬಾರದು ಅಂದರೆ ಆ ವಾರ ಅಂಗಡಿಯಲ್ಲೇ ಮಲಗುತ್ತೇನೆ. ಕೋಲಿನಿಂದ ಏನೂ ಆಗಲಿಲ್ಲ. ನೀನು ಎಂಟು ಸಾಕು ಅಂದಿದ್ದೆ.