ಕಪ್ಪು ಏಪ್ರನ್ ಮೇಲಿನ ಗೆರೆ

ಏಪ್ರಿಲ್ 3, ಬೆಳಿಗ್ಗೆ 5.40

‘ಬೆಂಕಿಯ ಪಕ್ಕ ಕೂತವರು ತಣ್ಣಗಿರಲು ಕಲಿಯುತ್ತಾರೆ...’ ಹೀಗೇನೋ ಒಂದು ಸಾಲು. ಎಲ್ಲಿ ಓದಿದ್ದು? ‘ಕಲಿಯುತ್ತಾರೆ’ ಎಂದಿತ್ತೋ, ‘ಕಲಿಯಬೇಕು’ ಎಂದಿತ್ತೋ? ಬರೆದವರು ಯಾವತ್ತಾದರೂ ಬೆಂಕಿಯ ಪಕ್ಕ ಕೂತಿದ್ದರೇ? ಲಾಂಡ್ರಿಯಲ್ಲಿ ಇಂದು ಮೂರನೆಯ ದಿನ. ತಣ್ಣಗಿರುವುದು ಹಾಗಿರಲಿ, ನಿನ್ನೆ ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿ ಎರಡು ಸ್ಟಾಪ್ ಮುಂದೆ ಇಳಿದೆ.

ಬಾಟಲಿ ಎರಡು ತುಂಬಿಸಿದ್ದೇನೆ. ಹೊರಡಬೇಕು.

ಏಪ್ರಿಲ್ 4, ಸಂಜೆ

ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದು, ಉಗಿಯಿಂದ ಕಾದ ದೊಡ್ಡ ರೋಲರಿನಲ್ಲಿ ಇಸ್ತ್ರಿ ಮಾಡುವ ಜಾಗ. ರೋಲರಿನ ಬಳಿ ಗೋಡೆಯ ಥರ್ಮಾಮೀಟರ್ ನಲವತ್ತೊಂದು ತೋರಿಸುತ್ತದೆ. ಹೊಸಬರಿಗೆ ಮೊದಲ ದಿನ ಅಲ್ಲಿ ಒಂದೂವರೆ ಗಂಟೆ ಮಾತ್ರ, ಉಳಿದ ಹೊತ್ತು ಮಡಚುವ ಮೇಜು. ಆಮೇಲೆ ದಿನಕ್ಕಿಷ್ಟು ಏರಿಸುತ್ತಾರೆ.

ಪೂರ್ತಿ ಶಿಫ್ಟ್ ಯಾವಾಗ ಅನ್ನುವುದು ಮಾತ್ರ ಏಪ್ರನ್ ನೋಡಿ. ದೊಡ್ಡಕ್ಕನ ಪದ್ಧತಿ ಅದು — ನಮ್ಮ ಸೂಪರ್‌ವೈಸರ್. ಹೊಸಬರಿಗೆ ಕಪ್ಪು ಏಪ್ರನ್. ಬೆವರು ಒಣಗಿದರೆ ಅದರ ಮೇಲೆ ಉಪ್ಪಿನ ಬಿಳಿ ಗೆರೆ. ಮೈ ಬಿಸಿಗೆ ಪಳಗಿದಂತೆ ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದಂತೆ; ಗೆರೆ ಮಾಯವಾದರೆ ಪೂರ್ತಿ ಶಿಫ್ಟ್. ಏಪ್ರನ್ ಅಲ್ಲಿನ ಉಗಿಯಲ್ಲಿ ಒಣಗದು. ಮನೆಗೆ ತಂದು ಒಣಗಿಸಬೇಕು, ಒಗೆಯುವಂತಿಲ್ಲ. ವಾರಕ್ಕೊಮ್ಮೆ ಅವರು ನೋಡಿದ ಮೇಲೇ ಒಗೆತ.

“ಇದೇನು ಎಂ.ಎ. ಮೇಡಂ, ಹೊಟ್ಟೆ ಮೇಲೆ ಭೂಪಟ ಬಿಡಿಸ್ಕೊಂಡು ಬಂದಿದೀರಾ?” ಎಂದರು ಇಂದು.

ಪೂರ್ತಿ ಶಿಫ್ಟ್ ನಿಲ್ಲಲಾಗದವರನ್ನು ತಿಂಗಳ ಕೊನೆಗೆ ಮಾಲೀಕರು ಕಳಿಸಿಬಿಡುತ್ತಾರೆ.

ರೋಲರಿನ ಮುಂದೆ ನಾಡಿ: 132.

ಏಪ್ರಿಲ್ 6

ಅಣ್ಣನ ಫೋನ್. “ಮಹಡಿ ಕೋಣೆ ಖಾಲಿ ಮಾಡ್ಸಿದೀನಿ ಕಣೇ. ಈ ವಯಸ್ಸಲ್ಲಿ ಆ ಕುಲುಮೇಲಿ ಯಾಕೆ ಬೇಯ್ತೀಯ? ನಿನ್ನತ್ತಿಗೇನೂ ಬಾ ಅಂತಾಳೆ.”

ಒಳ್ಳೆಯವನು. ಅದೇ ಕಷ್ಟ. ನಾನಿದ್ದ ಗ್ರಂಥಾಲಯ ಮುಚ್ಚಿ ಏಳು ತಿಂಗಳು. ಇದೂ ಹೋದರೆ ಈ ಬಾಡಿಗೆ ಮನೆ ಬಿಟ್ಟು ಅಲ್ಲಿಗೆ ಹೋಗಲೇಬೇಕು. ಊಟಕ್ಕೆ ಕರೆದಾಗ ಮಹಡಿ ಇಳಿದು ಬರುವವಳಾಗುತ್ತೇನೆ. ನನ್ನ ಬಾಗಿಲ ಚಿಲಕ ನಾನೇ ಹಾಕಬೇಕು — ಇಷ್ಟೇ ಆಸೆ.

ಏಪ್ರನ್ ಒಗೆದುಬಿಟ್ಟೆ. ಗೆರೆಯಷ್ಟನ್ನೇ ಒರೆಸೋಣ ಎಂದು ಶುರುಮಾಡಿದ್ದು... ಕೆಳಮನೆಯಾಕೆ, ನನ್ನ ಹಗ್ಗದ ಬಟ್ಟೆಗಳ ಇನ್‌ಸ್ಪೆಕ್ಟರ್, ಕತ್ತೆತ್ತಿ ಕೇಳಿದರು: “ಏನ್ರೀ, ಮಡಚಿಟ್ಟ ಬಟ್ಟೇನೂ ತೆಗೆದು ಒಗೀತೀರೋ ಹೇಗೆ?” ನಕ್ಕೆ.

ಏಪ್ರಿಲ್ 7

ದೊಡ್ಡಕ್ಕ ಏಪ್ರನ್ ಹಿಂದೆ ಮುಂದೆ ತಿರುಗಿಸಿದರು. “ಒಂದೇ ವಾರಕ್ಕೆ ಹೋಯ್ತಾ? ಗಟ್ಟಿ ಜೀವ ಕಣ್ರೀ ನಿಮ್ದು.” ನಾಳೆಯಿಂದ ಪೂರ್ತಿ ಶಿಫ್ಟ್! ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ನೀರು ಕುಡಿಯುವುದನ್ನೂ ಕಡಿಮೆ ಮಾಡಬೇಕು. ಮೈ ಅದಕ್ಕೂ ಒಗ್ಗಿಕೊಳ್ಳಲಿ.

ಏಪ್ರಿಲ್ 11

ಎಂಟನೇ ತಾರೀಕು ಮಧ್ಯಾಹ್ನ ರೋಲರಿನ ಮುಂದೆ ಕಣ್ಣು ಕತ್ತಲೆಗಟ್ಟಿತು. ಬಿದ್ದದ್ದು ಗೊತ್ತಿಲ್ಲ, ಕತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದ ದೊಡ್ಡಕ್ಕನ ಕೈ ಗೊತ್ತು. ಪುಣ್ಯಕ್ಕೆ ಬೆಡ್‌ಶೀಟಿನ ರಾಶಿಯ ಮೇಲೆ ಬಿದ್ದೆನಂತೆ.

ಡಾಕ್ಟರ್ ಬೈದರು. “ನೀರು ಕಡಿಮೆ ಮಾಡಿದ್ರಾ? ಪಳಗಿದ ಮೈ ಬೇಗ ಬೆವರುತ್ತೆ, ಜಾಸ್ತಿ ಬೆವರುತ್ತೆ. ನೀರೂ ಜಾಸ್ತಿನೇ ಬೇಕು. ಪಳಗೋಕೆ ಹತ್ತು–ಹದಿನಾಲ್ಕು ದಿನ ಹಿಡಿಯುತ್ತೆ. ಅಡ್ಡದಾರಿ ಇಲ್ಲ ತಾಯಿ.”

ಇಂದು ಹೋಗಿ ದೊಡ್ಡಕ್ಕನಿಗೆ ಹೇಳಿಬಿಟ್ಟೆ, ಒಗೆದಿದ್ದೆ ಅಂತ.

“ನನಗೆ ಟೋಪಿ ಹಾಕಿದ್ರಿ, ಸರಿ. ನಿಮ್ಮ ಎದೆಗೂ ಹಾಕೋಕಾಗುತ್ತಾ?”

“ಇನ್ನೊಂದ್ಸಲ ನೋಡಿ ಅಕ್ಕಾ.”

“ನಾಳೆಯಿಂದ ಮತ್ತೆ ಒಂದೂವರೆ ಗಂಟೆ. ಇಪ್ಪತ್ತಾರಕ್ಕೆ ಕೊನೇ ಸಲ ಏಪ್ರನ್ ನೋಡ್ತೀನಿ. ಗೆರೆ ಇದ್ರೆ ಮಾಲೀಕರಿಗೆ ನಾನೇ ಬೇಡ ಅಂತೀನಿ. ಆಮೇಲೆ ಅಳೋ ಹಾಗಿಲ್ಲ.”

ಅಳುವುದಿಲ್ಲ.

ಏಪ್ರಿಲ್ 15

ಕಾಲು ಗಂಟೆಗೊಂದು ಲೋಟ ನೀರು, ಬಾಯಾರಲಿ ಬಿಡಲಿ. ನಾಡಿ 124. ಕವನದ ಪುಸ್ತಕ ತೆರೆದೆ... ಎರಡನೇ ಪುಟಕ್ಕೆ ನಿದ್ದೆ.

ಏಪ್ರಿಲ್ 19

ಗೆರೆ ಇದೆ. ಸೀಮೆಸುಣ್ಣದಲ್ಲಿ ಹಗುರಾಗಿ ಎಳೆದಂತೆ. ದೊಡ್ಡಕ್ಕ ಬೆರಳಿನಿಂದ ಉಜ್ಜಿ ನೋಡಿದರು. “ಒಗೀರಿ” ಎಂದರು, ಅಷ್ಟೇ. ಅವರೆದುರೇ ಒಗೆದೆ. ಇನ್ನು ಏಳು ದಿನ.

ಏಪ್ರಿಲ್ 22

ನಾಡಿ 108. ರೋಲರಿನ ಹತ್ತಿರ ಹೋಗಿ ಐದು ನಿಮಿಷಕ್ಕೇ ಮುಂಗೈವರೆಗೂ ಒದ್ದೆ. ಆದರೆ ತಲೆ ತಿಳಿಯಾಗಿದೆ, ಕಾಲು ನಡುಗುವುದಿಲ್ಲ. ಆ ಸಾಲು ತಪ್ಪು. ಬೆಂಕಿಯ ಪಕ್ಕ ಕೂತವರು ಕಲಿಯುವುದು ಬೇಗ ಒದ್ದೆಯಾಗುವುದನ್ನು. ಕಲಿಯುವವಳೂ ನಾನಲ್ಲ. ನನ್ನನ್ನೊಂದು ಮಾತೂ ಕೇಳದೆ ಈ ಮೈ ತನ್ನ ಪಾಡಿಗೆ ಕಲಿಯುತ್ತಿದೆ. ನಲವತ್ತೆಂಟು ವರ್ಷ ಜೊತೆಗಿದ್ದೂ ಇದರ ಪರಿಚಯ ಇರಲಿಲ್ಲ.

ಅಣ್ಣ: “ಕಾರು ಯಾವತ್ತು ತರ್ಲಿ?”

“ಇಪ್ಪತ್ತೇಳಕ್ಕೆ ಹೇಳ್ತೀನಣ್ಣಾ.”

ಏಪ್ರಿಲ್ 25, ಸಂಜೆ 5.30

ನಾಡಿ 98. ನಾಳೆ ನೋಡುತ್ತಾರೆ. ಏಪ್ರನ್ ಹಿಂಡಿದರೆ ನೀರಿಳಿಯುವಷ್ಟು ಒದ್ದೆ. ಒಣಗದೆ ಗೆರೆ ತಿಳಿಯದು. ಹಗ್ಗಕ್ಕೆ ಹಾಕಿ ಒಳಬಂದೆ. ಬಕೆಟ್ಟಿನಲ್ಲಿ ನೀರಿದೆ, ಸೋಪೂ ಇದೆ. ಬಚ್ಚಲ ಬಾಗಿಲು ಮುಚ್ಚಿ ಅದಕ್ಕೇ ಬೆನ್ನು ಕೊಟ್ಟು ಕೂತು ಬರೆಯುತ್ತಿದ್ದೇನೆ. ಇದ್ದರೆ ಇರಲಿ. ಒಗೆಯುವುದಿಲ್ಲ.

7.15

ಗಾಳಿ ಎದ್ದಿತ್ತು. ಹೊರಗೆ ಹೋಗಿ ನೋಡಿದರೆ ಹಗ್ಗ ಖಾಲಿ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕೆಳಮನೆಯಾಕೆ. ಕೈಯಲ್ಲಿ ನನ್ನ ಏಪ್ರನ್, ಗರಿಗರಿ ಒಣಗಿದೆ. ಕೊಡುವ ಮೊದಲು ದೀಪದ ಕೆಳಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು, ಥೇಟ್ ದೊಡ್ಡಕ್ಕನ ಹಾಗೆ.

“ನಮ್ಮ ಬಾಲ್ಕನೀಲಿ ಬಿದ್ದಿತ್ತು. ಮತ್ತೆ ಒಗೆದ್ರಾ? ಒಂದು ಗೆರೆ ಇಲ್ಲ, ಕಲೆ ಇಲ್ಲ, ಹೊಸದರ ಹಾಗಿದೆ. ಆದ್ರೆ ಬೆವರಿನ ವಾಸನೆ ಮಾತ್ರ ಹೋಗೇ ಇಲ್ವಲ್ರೀ, ಅದ್ಯಾವ ಸೋಪು ಹಾಕ್ತೀರಿ—”