ಎರಡನೇ ಸಹಿ

೧೪ ಮಾರ್ಚ್, ಶನಿವಾರ

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಮೂರೂ ಕಾಗದ ಕೈಸೇರಿದವು. ಅಳುತ್ತಾ ಬರೆಯಬೇಡ, ಶಾಯಿ ಹರಡಿ ಓದಲಾಗುವುದಿಲ್ಲ. ಸೋಮವಾರ ವಿಚಾರಣಾ ಸಮಿತಿಯ ಮುಂದೆ ನಾನು ಬಂದು ನಿಜ ಹೇಳದಿದ್ದರೆ ನಿನ್ನ ಫಾರ್ಮಸಿ ಲೈಸೆನ್ಸ್ ಹೋಗುತ್ತದೆ ಎಂದಿದ್ದೀಯ. ಗೊತ್ತು.

ನಿಯಮ ನಿನಗೂ ತಿಳಿದಿತ್ತಲ್ಲ. ಆ ಇಂಜೆಕ್ಷನ್ ಕೊಡುವ ಮೊದಲು ವಾರ್ಡಿನ ನರ್ಸ್ ಒಬ್ಬರು, ಫಾರ್ಮಸಿಯವರು ಒಬ್ಬರು ಹಾಸಿಗೆಯ ಪಕ್ಕ ನಿಂತು ಬಾಟಲಿ ನೋಡಿ ಸಹಿ ಹಾಕಬೇಕು. ನಾಲ್ಕು ಮಹಡಿ ಹತ್ತಲು ನಿನಗೆ ಮಂಡಿನೋವು. ಅಕ್ಕ ಇದ್ದಾಳಲ್ಲ ಎಂದು ಬೆಳಿಗ್ಗೆಯೇ ಇಡೀ ದಿನದ ಹಾಳೆಗಳಿಗೆ ನೀನು ಸಹಿ ಹಾಕಿ ಮೇಲೆ ನನ್ನ ವಾರ್ಡಿಗೆ ಕಳಿಸುತ್ತಿದ್ದೆ. ಹಾಗೆ ಮಾಡು ಎಂದವಳು ನಾನೇ, ಒಪ್ಪುತ್ತೇನೆ. ಆದರೆ ಹಾಳೆಯ ಮೇಲಿರುವುದು ನಿನ್ನ ಸಹಿ.

ನನ್ನ ವಾರ್ಡಿನಲ್ಲಿದ್ದ ಟೈಲರ್ ಅಜ್ಜ ಹೋಗಿಬಿಟ್ಟರು. ನನ್ನ ಸಮವಸ್ತ್ರದ ಗುಂಡಿ ಸಡಿಲವಾಗಿದೆ ಎಂದು ದಿನವೂ ಗೊಣಗುತ್ತಿದ್ದ ಮನುಷ್ಯ. ಸತ್ತದ್ದು ಕಾಯಿಲೆಯಿಂದಲ್ಲ, ದುಪ್ಪಟ್ಟು ಔಷಧದಿಂದ. ಅವರ ಮಗಳು ಸಮಿತಿಯ ಎದುರು ಕೇಳಿದ್ದು ಒಂದೇ ಪ್ರಶ್ನೆ: "ಇಬ್ಬರು ನೋಡಿದೀರಿ ಅಂತ ಬರ್ದಿದೆ. ಇಬ್ಬರಿಗೂ ಕಣ್ಣಿರ್ಲಿಲ್ವಾ?" ನನಗೆ ಭಯವಾಯಿತು. ಬಾಟಲಿ ಬದಲಾದದ್ದನ್ನು ಯಾರೂ ನನಗೆ ತಿಳಿಸಲಿಲ್ಲ ಎಂದುಬಿಟ್ಟೆ. ನೀನು ಆಗ ಹೊರಗೆ ಬೆಂಚಿನ ಮೇಲೆ ಕೂತಿದ್ದೆ.

ಈಗ ಆಸ್ಪತ್ರೆಯಲ್ಲಿ ಪರಸ್ಪರ ನಂಬಿಕೆ ಬೆಳೆಸುವ ತರಬೇತಿ ಶುರುವಾಗಿದೆ. ಡಾಕ್ಟರು, ನರ್ಸು, ಫಾರ್ಮಸಿಯವರು ಒಟ್ಟಿಗೆ ಕೂತು ಕಲಿಯಬೇಕಂತೆ. ಕಲಿಸುವವಳು ನಾನು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನೀನು ನಗಬಹುದು. ನಿನ್ನ ಕಥೆಯನ್ನೇ ಮೊದಲ ಪಾಠ ಮಾಡಿದ್ದೇನೆ. ಹೆಸರು ಹೇಳುವುದಿಲ್ಲ, ಅಷ್ಟಾದರೂ ಅಕ್ಕನ ಕರ್ತವ್ಯ.

ಸೋಮವಾರ ಬರಲಾಗುವುದಿಲ್ಲ, ತರಗತಿ ಇದೆ. ಅಮ್ಮನಿಗೆ ಏನೂ ಹೇಳಬೇಡ. ಇಬ್ಬರಲ್ಲಿ ಒಬ್ಬಳಾದರೂ ಒಳ್ಳೆಯವಳೆಂದು ನಂಬಿಕೊಂಡಿರಲಿ. ಮಂಡಿಗೆ ಬಿಸಿನೀರಿನ ಶಾಖ ಕೊಡು.

ಇಂತಿ,
ನಿನ್ನ ಅಕ್ಕ

ಮತ್ತೊಂದು ಮಾತು: ಆ ದಿನ ನೀನು ಫೋನ್ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. "ಅಕ್ಕ, ಹೊಸ ಬಾಟಲಿ ಡಬಲ್ ಪವರ್ ಇದೆ, ಅರ್ಧ ಮಾತ್ರ ಕೊಡು" ಅಂದೆ. ನಾನು ಹೂಂ ಅಂದೆ, ಮರೆತೆ. ಈ ಕಾಗದವನ್ನು ಸಮಿತಿಗೆ ತೋರಿಸಬೇಕೆನಿಸಿದರೆ ಮೊದಲು ಇನ್ನೊಮ್ಮೆ ನೋಡು. ಹೆಸರಿಲ್ಲ, ಎಲ್ಲವೂ ಟೈಪ್ ಮಾಡಿದ್ದು. ಸಹಿ ಹಾಕಿಲ್ಲ.