ನನ್ನ ಮಗಳಿಗೆ ತಾವು ದಯಪಾಲಿಸಿದ ದನಿ

ಮಕ್ಕಳ ಗ್ರಂಥಾಲಯಗಳ ಪಾಡ್‌ಕಾಸ್ಟ್ ಯೋಜನೆಯ ಮಾನ್ಯ ಅಧಿಕಾರಿಗಳೇ,

ನನ್ನ ಮಗಳ ದನಿಯನ್ನು ತಾವು ತೆಗೆದುಹಾಕಿ, ಆ ಜಾಗದಲ್ಲಿ ಬೇರೊಬ್ಬ ಹುಡುಗಿಯ ದನಿಯನ್ನು ಕೂರಿಸಿದ್ದೀರಿ. ಅವಳದ್ದನ್ನು ವಾಪಸು ಇಡಿ ಎಂದು ಹಿಂದಿಯಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ. ಎರಡಕ್ಕೂ ಉತ್ತರವಿಲ್ಲ. ಹಾಗಾಗಿ ಈಗ ಕನ್ನಡದಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಉತ್ತರ ಬರದಿದ್ದರೂ ಸಿಟ್ಟಾದರೂ ನೆಟ್ಟಗೆ ಬರಲಿ ಎಂದು.

ತಮ್ಮ ಯೋಜನೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಮಕ್ಕಳು ತಮ್ಮ ಅನುಭವವನ್ನು ತಮ್ಮದೇ ದನಿಯಲ್ಲಿ ಹೇಳಬೇಕು, ಅದನ್ನು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಇಡಬೇಕು, ಬೇರೆ ಮಕ್ಕಳು ಹೆಡ್‌ಫೋನ್ ಹಾಕಿಕೊಂಡು ಬೇಕೆಂದಾಗ ಕೇಳಬೇಕು. 'ತಮ್ಮದೇ ದನಿಯಲ್ಲಿ' ಎಂಬುದು ನನ್ನ ಮಾತಲ್ಲ, ತಮ್ಮ ಸುತ್ತೋಲೆಯದು, ದಪ್ಪಕ್ಷರದಲ್ಲಿದೆ. ದೆಹಲಿಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತನಾದ ನಾನು ಸುತ್ತೋಲೆಗಳನ್ನು ನಂಬುತ್ತೇನೆ. ಅಭ್ಯಾಸಬಲ.

ನನ್ನ ಮಗಳು ಹರ್ಷಿಣಿ ಏಳನೇ ತರಗತಿ. ಉಗ್ಗುತ್ತಾಳೆ. 'ಮ' ಎಂಬ ಅಕ್ಷರ ಅವಳಿಗೆ ಬಲು ಕಷ್ಟ. ಶಾಲೆಯಿಂದ ಬರುವಾಗ ಮುನಿರ್ಕಾದಲ್ಲಿ ಇಳಿದು ರಸ್ತೆ ದಾಟಿದರೆ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸ್. ಆದರೆ ಬಸ್ಸಿನಲ್ಲಿ ಆ ಹೆಸರು ಹೇಳಲು ಹೊರಟರೆ ಕಂಡಕ್ಟರ್ "ಅರೇ, ಜಲ್ದೀ ಬೋಲೋ", ಬೇಗ ಹೇಳು, ಎಂದು ಗದರುತ್ತಾನೆ, ಹಿಂದಿನ ಸೀಟಿನವರು ನಗುತ್ತಾರೆ. ಅದಕ್ಕೇ ಅವಳು ಮುಂದಿನ ನಿಲ್ದಾಣವಾದ ವಸಂತ ವಿಹಾರಕ್ಕೆ ಟಿಕೆಟ್ ಕೇಳಿ, ಮುನಿರ್ಕಾದಲ್ಲೇ ಇಳಿದುಬಿಡುತ್ತಾಳೆ. ಮನೆಯಲ್ಲಿ ನಮಗೇ ಇದು ಗೊತ್ತಿರಲಿಲ್ಲ. ತರಗತಿಯಲ್ಲಿ ಹಾಜರಿಗೂ ಬಾಯಿ ಬಿಡದೆ ಬರೀ ಕೈ ಎತ್ತುವ ಹುಡುಗಿ, ತಮ್ಮ ಮೈಕಿನ ಮುಂದೆ ಕೂತು ಇಷ್ಟನ್ನೂ ಹಿಂದಿಯಲ್ಲಿ ಹೇಳಿದಳು. ಮುನಿರ್ಕಾ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡಳು. ಗ್ರಂಥಾಲಯದಲ್ಲಿ ಅದನ್ನು ಕೇಳಲು ನಾನೂ ನನ್ನ ಹೆಂಡತಿ ಸುಮಿತ್ರಾಳೂ ಹೆಡ್‌ಫೋನಿಗೆ ಕಿತ್ತಾಡಿದೆವು. ನನಗೆ ಅಳು ಬಂತು; ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆಮೇಲೆ ತಮ್ಮ ಕಚೇರಿ 'ಗುಣಮಟ್ಟ ಪರಿಶೀಲನೆ' ನಡೆಸಿತು. ಈಗ ಹರ್ಷಿಣಿಯ ಹೆಸರಿನ ಮೇಲೆ ಒತ್ತಿದರೆ, ಭಾಷಣ ಸ್ಪರ್ಧೆಗಳಲ್ಲಿ ಕಪ್ ಗೆಲ್ಲುವಂಥ ಹುಡುಗಿಯೊಬ್ಬಳು ಒಂದೇ ಉಸಿರಿನಲ್ಲಿ "ಮೈಂ ಮುನಿರ್ಕಾ ನಹೀಂ ಬೋಲ್ ಪಾತೀ" ಅನ್ನುತ್ತಾಳೆ. ನನಗೆ ಮುನಿರ್ಕಾ ಅನ್ನಲು ಬರುವುದಿಲ್ಲ! ಅಬ್ಬಾ, ಎಷ್ಟು ಚೆನ್ನಾಗಿ ಬಂತು! ಇದನ್ನು ಕೇಳಿ ಮಂಜೂರು ಮಾಡಿದವರಲ್ಲಿ ಒಬ್ಬರಿಗಾದರೂ ಏನೋ ಎಡವಟ್ಟಾಗಿದೆ ಅನ್ನಿಸಲಿಲ್ಲವೇ? ನನಗೆ ಈಜು ಬಾರದು ಎಂದು ಹೊಳೆಯ ನಡುವೆ ಈಜುತ್ತಲೇ ಕೂಗಿದರೆ ತಾವು ನಂಬುತ್ತೀರಾ?

ತಮ್ಮನ್ನು ಖುದ್ದಾಗಿ ಕಾಣಲು ಬಂದೆ. ತಾವು ಚಹಾ ತರಿಸಿದಿರಿ, ಅದಕ್ಕೆ ಕೃತಜ್ಞ. "ದೇಖಿಯೇ, ಕಂಟೆಂಟ್ ಬಹುತ್ ಅಚ್ಛಾ ಹೈ. ಬಸ್, ಆವಾಜ್ ಸಾಫ್ ನಹೀಂ ಥೀ" ಎಂದಿರಿ. ವಿಷಯ ಚೆನ್ನಾಗಿದೆ, ದನಿ ಮಾತ್ರ ಸ್ವಚ್ಛವಿರಲಿಲ್ಲವಂತೆ. "ನಾಮ್ ತೋ ಬಚ್ಚೀ ಕಾ ಹೀ ರಖಾ ಹೈ" ಎಂದು ಸಮಾಧಾನವನ್ನೂ ಹೇಳಿದಿರಿ. ಹೆಸರು ಮಗುವಿನದೇ ಇದೆ, ನಿಜ. ನಾಳೆ ತಮ್ಮ ಕುರ್ಚಿಯಲ್ಲಿ ಇನ್ನೊಬ್ಬರನ್ನು ಕೂರಿಸಿ ಬಾಗಿಲಿನ ಫಲಕದಲ್ಲಿ ತಮ್ಮ ಹೆಸರನ್ನೇ ಉಳಿಸಿದರೆ ತಮಗೂ ಸಮಾಧಾನವಾಗುತ್ತದೆಂದು ಭಾವಿಸಲೇ? ಅವಳ ಧ್ವನಿಮುದ್ರಣ ತಮ್ಮ ಕಂಪ್ಯೂಟರಿನಲ್ಲಿ ಭದ್ರವಾಗಿದೆಯಂತೆ; ಮರಳಿ ಹಾಕಲು ಮೇಲಿನವರ ಒಪ್ಪಿಗೆ ಬೇಕಂತೆ. ತೆಗೆಯುವಾಗ ಬೇಕಾಗಿರಲಿಲ್ಲ.

ಇಷ್ಟೇ ಆಗಿದ್ದರೆ ಸುಮ್ಮನಾಗುತ್ತಿದ್ದೆನೋ ಏನೋ. ನಮ್ಮ ಸೆಕ್ಟರಿನ ಗ್ರಂಥಾಲಯಕ್ಕೆ ಅದಿತಿ ಎಂಬ ನಾಲ್ಕನೇ ತರಗತಿಯ ಪುಟ್ಟ ಹುಡುಗಿ ಬರುತ್ತಾಳೆ. ಅವಳೂ ಉಗ್ಗುತ್ತಾಳೆ. ಹರ್ಷಿಣಿಯ ದನಿ ಇದ್ದಷ್ಟು ಕಾಲ ಬಂದವಳೇ ಅದನ್ನು ಹಾಕಿಕೊಂಡು ಕೇಳುತ್ತಿದ್ದಳು, ಆಮೇಲೆ ಇವಳ ಪಕ್ಕದಲ್ಲೇ ಬಂದು ಕೂರುತ್ತಿದ್ದಳು. ಹೋದ ವಾರ ಹೊಸ ದನಿ ಕೇಳಿದಳು. ಹೆಡ್‌ಫೋನ್ ಕಳಚಿಟ್ಟು ಓಡಿ ಬಂದು ಹರ್ಷಿಣಿಯ ಕೈ ಹಿಡಿದುಕೊಂಡಳು. "ದೀ... ದೀದೀ, ಆಪ್ ಠೀಕ್ ಹೋ ಗಯೀಂ? ಕೈ... ಕೈಸೇ? ಮುಝೇ ಭೀ ಬತಾವೋ ನಾ." ಅಕ್ಕಾ, ನಿಮಗೆ ವಾಸಿಯಾಯಿತಾ? ಹೇಗೆ? ನನಗೂ ಹೇಳಿಕೊಡಿ.

ನನ್ನ ಮಗಳು ಕೈ ಬಿಡಿಸಿಕೊಂಡು ಮನೆಗೆ ಓಡಿ ಬಂದಳು. ಅವತ್ತಿನಿಂದ ಅವಳು ಗ್ರಂಥಾಲಯದ ಕಡೆ ತಲೆ ಹಾಕಿಲ್ಲ. ನಡಿ ಹೋಗೋಣ ಎಂದರೆ, "ನಾನ್ ಬರಲ್ಲ ಅಪ್ಪಾ. ಅವಳಿಗೆ ಕ್ಯಾ ಬೋಲೂಂ?" ಅನ್ನುತ್ತಾಳೆ. ಏನು ಹೇಳಬೇಕೆಂದು ನನಗೂ ತಿಳಿಯದು.

ಆದ್ದರಿಂದ ನನ್ನ ಬೇಡಿಕೆ ಇದು. ಹರ್ಷಿಣಿಯ ದನಿಯನ್ನು, ಅದರ ಉಗ್ಗು, ತಡೆ, ಏದುಸಿರು ಸಮೇತ, ಇದ್ದ ಜಾಗದಲ್ಲೇ ಇಡಿ. ಮೇಲಿನವರ ಒಪ್ಪಿಗೆ ತಡವಾಗುವುದಾದರೆ ತಾವೇ ಒಮ್ಮೆ ಗ್ರಂಥಾಲಯಕ್ಕೆ ಬನ್ನಿ. ಸಂಜೆ ಅದಿತಿ ಅಲ್ಲೇ ಇರುತ್ತಾಳೆ. ದೀದಿಗೆ ವಾಸಿಯಾದದ್ದು ಹೇಗೆಂದು ಅವಳಿಗೆ ತಾವೇ ವಿವರಿಸಿ. ಪ್ರಶ್ನೆ ಕೇಳಿ ಮುಗಿಸಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ತಾವು ಕಾಯಬೇಕು.

ಇಂತಿ,
ಹರ್ಷಿಣಿಯ, ಅಂದರೆ ಉಗ್ಗುವ ಹರ್ಷಿಣಿಯ, ತಂದೆ
ಬಸವಲಿಂಗಪ್ಪ
ಆರ್.ಕೆ.ಪುರಂ, ನವದೆಹಲಿ